ಸಾಕೆನ್ನದ ಹೊಳೆಮನೆ

ಮಂಜಿನ ಬೆಟ್ಟಗಳು ನನ್ನನ್ನು ಕಂಡು ಎದ್ದು ನಿಂತವು. ಅವು ಮೊದಲೇ ನಿಂತಿದ್ದವು ಎಂದು ನಿಮ್ಮ ಅತ್ತೆ ಹೇಳುತ್ತಾಳೆ. ಅವಳ ಮಾತು ಹಾಗಿರಲಿ. ಮೊದಲು ನಿಮ್ಮ ಮಾವನ ಮಾತು ಕೇಳಿ.

ನಾವಿಬ್ಬರೂ ಯಾರದೋ ಮನೆಯ ನಾಮಕರಣಕ್ಕೆಂದು ಬಸ್ಸು ಹತ್ತಿದ್ದೆವು. ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಾನು. ನಿದ್ದೆ ಬಂತು. ಎಚ್ಚರವಾದಾಗ ಬಸ್ಸು ಇನ್ನೂ ಹತ್ತುತ್ತಿತ್ತು. ಮತ್ತೆ ನಿದ್ದೆ, ಮತ್ತೆ ಎಚ್ಚರ, ಬಸ್ಸು ಹತ್ತುತ್ತಲೇ ಇತ್ತು. ಮೋಡ ಕೆಳಗಾಯಿತು, ಹದ್ದು ಕೆಳಗಾಯಿತು. ಕೊನೆಗೆ ಕಂಡಕ್ಟರ್ ನನ್ನ ಭುಜ ಮುಟ್ಟಿ, ಇನ್ನು ಮುಂದೆ ರಸ್ತೆಯೇ ಇಲ್ಲ ಯಜಮಾನರೇ, ಇಳಿಯಿರಿ ಎಂದ. ನನ್ನಂಥವನು ಒಳಗೆ ಕೂತರೆ ಬಸ್ಸಿಗೂ ಹುಮ್ಮಸ್ಸು ಬರುತ್ತದೆ, ಎಲ್ಲಿ ನಿಲ್ಲಬೇಕೆಂದು ತೋಚುವುದಿಲ್ಲ.

ಎರಡು ಬೆಟ್ಟಗಳ ನಡುವೆ ಕಣಿವೆ. ಕಣಿವೆಯ ನಡುವೆ ಹೊಳೆ. ಹೊಳೆಯ ದಡದಲ್ಲಿ ಹೊಳೆಮನೆ. ಅದು ಬಂದವರು ತಂಗುವ ಮನೆ. ಲಾಡ್ಜು ಎಂದ ಕೂಡಲೇ ನಿಮಗೆ ಬಸ್‌ಸ್ಟ್ಯಾಂಡಿನ ಎದುರಿನ, ಬಕೆಟ್ಟಿಗೆ ಹಿಡಿಯಿಲ್ಲದ, ಗೋಡೆಯ ಮೇಲೆ ಯಾರದೋ ಎಣ್ಣೆತಲೆಯ ಗುರುತಿರುವ ಲಾಡ್ಜು ನೆನಪಾದರೆ ಅದನ್ನು ಪಕ್ಕಕ್ಕಿಡಿ. ಈ ಮನೆಯ ಕಂಬಗಳು ದೇವದಾರು, ನೆಲ ಅಕ್ರೋಟು ಮರ, ಬರಿಗಾಲು ಇಟ್ಟರೆ ಬೆಣ್ಣೆ ತುಳಿದ ಹಾಗೆ. ಸ್ನಾನದ ತೊಟ್ಟಿಯನ್ನು ಒಂದೇ ಬಂಡೆಯಲ್ಲಿ ಕಡೆದಿದ್ದರು. ನಾನು ಅದರ ಈ ತುದಿಯಲ್ಲಿ ಕೂತು ಆ ತುದಿಯಲ್ಲಿದ್ದ ಸೋಪನ್ನು ಕೂಗಿ ಕರೆಯಬೇಕಾಗಿತ್ತು. ಕಂಬಳಿ ಎಷ್ಟು ಹಗುರ ಎಂದರೆ, ಹೊದ್ದ ಮೇಲೆ ಅಂಚು ಹಿಡಿದುಕೊಳ್ಳದಿದ್ದರೆ ಮೇಲೆದ್ದು ಸೂರಿಗೆ ಅಂಟಿಕೊಳ್ಳುತ್ತಿತ್ತು. ಕಿಟಕಿ ತೆರೆದರೆ ಹೊಳೆಯೇ ಒಳಗೆ ಬಂದು ಮಂಚದ ಮೇಲೆ ಕೂತು ಕ್ಷೇಮ ಸಮಾಚಾರ ವಿಚಾರಿಸಿದಂತೆ ಇರುತ್ತಿತ್ತು.

ಆ ಮನೆಯ ಬಾಗಿಲು ತಗ್ಗು. ಮೇಲಿನ ತೊಲೆಯ ಮೇಲೆ ಮನೆಯ ನಿಯಮವನ್ನು ಕೆತ್ತಿದ್ದರು. ಒಳಗೆ ಹೋಗುವವರು ತಲೆ ಬಗ್ಗಿಸಿಯೇ ಹೋಗಬೇಕಾದ್ದರಿಂದ ಅದನ್ನು ಯಾರೂ ಓದುತ್ತಿರಲಿಲ್ಲ. ನಾವೂ ಓದಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಹೊಳೆಗೆ ಮುಖ ಮಾಡಿದ ಉದ್ದನೆಯ ಪಡಸಾಲೆ, ಸಾಲಾಗಿ ಬಾಳೆಎಲೆ. ಅಷ್ಟು ಚಳಿಯ ಊರಲ್ಲಿ ಬಾಳೆ ಎಲ್ಲಿಂದ ಬಂತು ಎಂದು ಕೇಳಬೇಡಿ, ನಾನು ಬರುವ ಸುದ್ದಿ ಕೇಳಿ ಬೆಳೆದಿರಬೇಕು. ಕೋಸಂಬರಿ ಬಂತು, ಚಿತ್ರಾನ್ನ ಬಂತು, ಹುಳಿ ಬಂತು. ಆಮೇಲೆ ಹೋಳಿಗೆ ಬಂತು. ಇಲ್ಲಿ ಸ್ವಲ್ಪ ಗಮನ ಕೊಡಿ. ನಿಮ್ಮ ಅತ್ತೆ ಬೆಳೆದ ಮನೆಯಲ್ಲಿ ಹೋಳಿಗೆ ತಿನ್ನುವುದಕ್ಕೆ ಒಂದು ಕ್ರಮವಿದೆ. ಮೊದಲನೆಯದನ್ನು ತಲೆ ತಗ್ಗಿಸಿ ತಿನ್ನಬೇಕು. ಎರಡನೆಯದಕ್ಕೆ ಬೇಡ ಎನ್ನಬೇಕು. ಮತ್ತೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು, ಸಾಕು ಸಾಕು ಎನ್ನಬೇಕು. ಬಡಿಸುವವರು, ಇದೊಂದು ಏನು ಮಹಾ ಎಂದು ಆ ಕೈಯನ್ನು ಸರಿಸಿ ಹಾಕಬೇಕು. ಆಮೇಲೆ ಅಯ್ಯೋ ಅಯ್ಯೋ ಎನ್ನುತ್ತಾ ಅದನ್ನೂ ಪೂರ್ತಿ ತಿನ್ನಬೇಕು. ನಮ್ಮ ಕಡೆ ಹಸಿದವರು ಹೀಗೆಯೇ ಉಣ್ಣುವುದು.

ಬಡಿಸುವವನು ಮತ್ತೆ ಬಂದ. ಅವಳು ಎಲೆಗೆ ಕೈ ಅಡ್ಡ ಹಿಡಿದಳು. ಸಾಕು ಎಂದಳು.

ಬಡಿಸುವವನು ಕೈ ಸರಿಸಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ತೂಗುಬಿಟ್ಟಿದ್ದ ದೊಡ್ಡ ಕಂಚಿನ ಗಂಟೆ, ಯಾರೂ ಮುಟ್ಟದೆ, ತಾನಾಗಿಯೇ ಹೊಡೆದುಕೊಂಡಿತು. ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. ಮನೆಯ ಒಡತಿ ಒಳಗಿನಿಂದ ಬಂದಳು. ಬಿಳಿ ಸೀರೆಯ, ನಡೆದರೆ ಸದ್ದಾಗದ ಹೆಂಗಸು. ನಿಮ್ಮ ಅತ್ತೆಯ ಕೈಗೆ ನೀರು ಹಾಕಿ, ಹೆಗಲಿಗೆ ಒಂದು ಶಾಲು ಹೊದಿಸಿ, ಬಹಳ ಮರ್ಯಾದೆಯಿಂದ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಹೊಳೆಯ ಮೇಲೆ ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿದ್ದರು. ಹಗ್ಗಕ್ಕೆ ಎರಡು ಬೆತ್ತದ ತೊಟ್ಟಿಲು, ಒಂದು ಈ ಕಡೆ, ಒಂದು ಆ ಕಡೆ. ಹಗ್ಗ ಎಳೆಯುವವನು ಕಾದು ನಿಂತಿದ್ದ. ನಾನು ಬಾಯಲ್ಲಿದ್ದ ಹೋಳಿಗೆ ನುಂಗಿ ಓಡಿ ಬರುವಷ್ಟರಲ್ಲಿ ತೊಟ್ಟಿಲು ದಡ ಬಿಟ್ಟಿತ್ತು.

"ರೀ, ನಾನು ಸುಮ್ಮನೆ ಅಂದದ್ದು ಕಣ್ರೀ," ಎಂದು ಅವಳು ನೀರಿನ ಮೇಲಿನಿಂದ ಕೂಗಿದಳು. "ಇನ್ನೂ ಹಸಿವಿತ್ತು."

ಹೊಳೆ ಹರಿಯುತ್ತಿತ್ತು. ಆಚೆಯಿಂದ ಇನ್ನೊಂದು ತೊಟ್ಟಿಲು ಖಾಲಿ ಬಂತು.

ನಾನು ಒಡತಿಯ ಜೊತೆ ಜಗಳಕ್ಕೆ ನಿಂತೆ. ಅವಳು ನನ್ನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ತೊಲೆಯ ಮೇಲಿನ ಅಕ್ಷರ ತೋರಿಸಿದಳು. ಈ ಮನೆಯಲ್ಲಿ ಕೇಳಿದ್ದೆಲ್ಲ ಸಿಗುತ್ತದೆ, ಸಾಕು ಎಂದವರು ಆಚೆ ದಡಕ್ಕೆ ಹೋಗುತ್ತಾರೆ, ಎಂದಿತ್ತು. ನಮ್ಮವಳು ಅಂದದ್ದು ನಿಜವಾದ ಸಾಕು ಅಲ್ಲ ತಾಯಿ, ಉಪಚಾರದ ಸಾಕು ಎಂದೆ. ಒಡತಿಗೆ ಆ ವ್ಯತ್ಯಾಸ ಅರ್ಥವಾಗಲಿಲ್ಲ. ನಮ್ಮವಳನ್ನು ವಾಪಸು ಕರೆಸುವ ದಾರಿ ಏನು ಎಂದೆ. ಅದಕ್ಕೆ ಒಡತಿ ಹೇಳಿದ್ದು ಇಷ್ಟು: "ಎರಡು ತೊಟ್ಟಿಲಿಗೂ ಒಂದೇ ಹಗ್ಗ. ಈ ಕಡೆಯಿಂದ ಒಬ್ಬರು ಸಾಕು ಎಂದು ಹೊರಟರೆ, ಆ ಕಡೆಯಿಂದ ಒಬ್ಬರು ಬರಬಹುದು."

ಸರಿ, ಇದೇನು ದೊಡ್ಡ ವಿಷಯ ಎಂದುಕೊಂಡೆ. ಇಲ್ಲಿ ಯಾರಾದರೂ ಒಬ್ಬರ ಬಾಯಲ್ಲಿ ಸಾಕು ಅನ್ನಿಸಿದರೆ ಮುಗಿಯಿತು. ನಿಮ್ಮ ಮಾವನ ಮಾತು ಕೇಳಿ ಸಾಕಪ್ಪಾ ಸಾಕು ಎನ್ನದವರು ನಮ್ಮ ಊರಲ್ಲಿ ಒಬ್ಬರಾದರೂ ಇದ್ದಾರೆಯೇ? ನನಗೆ ಹೆಂಡತಿಯೂ ಬೇಕಾಗಿತ್ತು, ಆ ಕಂಬಳಿಯೂ ಬೇಕಾಗಿತ್ತು. ಎರಡೂ ಸಿಗುತ್ತವೆ ಎಂದು ಮೀಸೆ ನೀವಿಕೊಂಡೆ.

ಆ ಮನೆಯಲ್ಲಿ ಉಳಿದವರು ಎಂಥವರು ಎಂದು ಆಮೇಲೆ ತಿಳಿಯಿತು.

ಒಬ್ಬರು ಜಡ್ಜ್ ಸಾಹೇಬರು. ಅವರು ಬಿಸಿನೀರಿನ ತೊಟ್ಟಿಗೆ ಇಳಿದವರು ಮತ್ತೆ ಎದ್ದಿರಲಿಲ್ಲ. ಎದ್ದರೆ ಸ್ನಾನ ಸಾಕಾಯಿತು ಎಂದಂತಾಗುತ್ತದಲ್ಲ. ಊಟದ ಹೊತ್ತಿಗೆ ಆಳುಗಳು ತೊಟ್ಟಿಯ ಸಮೇತ ಅವರನ್ನು ಎತ್ತಿ ತಂದು ಎಲೆಯ ಮುಂದೆ ಇಡುತ್ತಿದ್ದರು. ಅವರ ಬೆರಳುಗಳು ಒಣದ್ರಾಕ್ಷಿಯ ಹಾಗೆ ಆಗಿದ್ದವು. ಇನ್ನೊಬ್ಬರು ವೀಣೆಯಮ್ಮ. ಅವರು ಯಾವಾಗಲೋ ಒಂದು ರಾಗ ಎತ್ತಿಕೊಂಡಿದ್ದರು. ಅದನ್ನು ಮುಗಿಸಲು ಹೆದರಿ, ಉಣ್ಣುವಾಗಲೂ ಎಡಗೈಯಲ್ಲಿ ಒಂದು ತಂತಿ ಮೀಟುತ್ತಲೇ ಇರುತ್ತಿದ್ದರು. ಮೂರನೆಯವನು ದಿಂಬಿನ ಸಾಹುಕಾರ. ತಲೆದಿಂಬು ಸಾಲದು ಎಂದು ಅವನು ದಿನವೂ ಒಂದೊಂದು ಹೆಚ್ಚಿಗೆ ಕೇಳಿ ಕೇಳಿ, ಈಗ ದಿಂಬಿನ ರಾಶಿಯ ಮೇಲೆ ಸೂರಿಗೆ ಮೂಗು ತಾಗಿಸಿಕೊಂಡು ಮಲಗಿರುತ್ತಿದ್ದ. ಅವನಿಗೆ ಏಣಿ ಹಾಕಿ ಬಡಿಸಬೇಕಾಗಿತ್ತು.

ದಿನವೂ ಮಧ್ಯಾಹ್ನ ಒಡತಿ ಪಡಸಾಲೆಗೆ ಬಂದು, ಇನ್ನೇನು ಬೇಕು ಎಂದು ಕೇಳುತ್ತಿದ್ದಳು. ನೀರು ಇನ್ನೂ ಬಿಸಿ ಬೇಕು ಎಂದು ಜಡ್ಜ್ ಸಾಹೇಬರು. ಇನ್ನೊಂದು ತಂತಿ ಬೇಕು ಎಂದು ವೀಣೆಯಮ್ಮ. ಇನ್ನೊಂದು ದಿಂಬು ಎಂದು ಮೇಲಿನಿಂದ ಸಾಹುಕಾರ. ಎಲ್ಲರೂ ಕೇಳುತ್ತಿದ್ದರು, ಎಲ್ಲರಿಗೂ ಸಿಗುತ್ತಿತ್ತು. ಹೊಳೆ ಹರಿಯುತ್ತಿತ್ತು.

ನಾನು ಕೆಲಸಕ್ಕೆ ಇಳಿದೆ. ಪಂಚೆ ಎತ್ತಿ ಕಟ್ಟಿ, ಬಡಿಸುವವನ ಕೈಯಿಂದ ಸೌಟು ಕಿತ್ತುಕೊಂಡು ನಾನೇ ಬಡಿಸಲು ನಿಂತೆ. ನನ್ನ ಉಪಚಾರ ನಿಮಗೆ ಗೊತ್ತಿಲ್ಲ. ನಮ್ಮ ತಂಗಿಯ ಮದುವೆಯಲ್ಲಿ ನಾನು ಪಾಯಸ ಬಡಿಸಿದಾಗ ಬೀಗರ ಕಡೆಯವರು ಎಲೆ ಬಿಟ್ಟು ಓಡಿದ್ದರು. ಇಲ್ಲಿ ಜಡ್ಜ್ ಸಾಹೇಬರ ಎಲೆಗೆ ಅನ್ನದ ಮೇಲೆ ಅನ್ನ ಹಾಕಿದೆ, ರಾಶಿಯ ಆಚೆಗೆ ಅವರ ಮುಖ ಕಾಣದಾಯಿತು. ರಾಶಿಯ ಹಿಂದಿನಿಂದ, ಇನ್ನೂ ಸ್ವಲ್ಪ ಹಾಕಿ ಎಂಬ ಸಣ್ಣ ಧ್ವನಿ ಬಂತು. ವೀಣೆಯಮ್ಮನಿಗೆ ಹುಳಿಯನ್ನು ಬಿಂದಿಗೆಯಲ್ಲೇ ಕೊಟ್ಟೆ. ಸಾಹುಕಾರನಿಗೆ ಏಣಿ ಹತ್ತಿ ಹೋಗಿ ಹೋಳಿಗೆಯನ್ನು ಬಾಯಿಗೇ ತುರುಕಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಎಂಬಂತೆ ಬೆರಳು ಎತ್ತಿದ. ಅವರ್ಯಾರಿಗೂ ರುಚಿ ಸಿಗುತ್ತಿರಲಿಲ್ಲ, ಸುಖ ಸಿಗುತ್ತಿರಲಿಲ್ಲ, ಆದರೆ ಸಾಕು ಎನ್ನುವುದು ಬಾಯಿಗೆ ಮರೆತೇ ಹೋಗಿತ್ತು. ಸಂಜೆಗೆ ಸೋತವನು ನಾನೇ. ತೋಳು ಎತ್ತಲಾಗಲಿಲ್ಲ.

ಆದರೂ ನನಗೆ ಒಂದು ಸಮಾಧಾನವಿತ್ತು. ಬೆಳಿಗ್ಗೆ ಕಿಟಕಿ ತೆರೆದರೆ ಹೊಳೆಯ ಆಚೆ ನಿಮ್ಮ ಅತ್ತೆ ಕಾಣುತ್ತಿದ್ದಳು. ಚಿಕ್ಕದಾಗಿ, ಒಂದು ಮೆಂತ್ಯದ ಕಾಳಿನಷ್ಟು. ನೀರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಕೈಯಲ್ಲೇ ಮಾತಾಡುತ್ತಿದ್ದೆವು. ನಾನು ಎರಡೂ ತೋಳು ಚಾಚಿ, ಸ್ನಾನದ ತೊಟ್ಟಿ ಇಷ್ಟು ದೊಡ್ಡದು ಎಂದು ತೋರಿಸುತ್ತಿದ್ದೆ. ಅವಳು ಆ ದಡದಲ್ಲಿ ನಿಂತು ತನ್ನ ಎರಡೂ ಕೈಯನ್ನು ಹತ್ತಿರ ತರುತ್ತಿದ್ದಳು. ಅಂದರೆ, ಅರ್ಧ ಮಾಡಿ. ಮದುವೆಯಾದ ದಿನದಿಂದಲೂ ಅವಳು ಮಾಡಿಕೊಂಡು ಬಂದ ಕೆಲಸವೇ ಅದು. ನಾನು ಹುಲಿ ಎಂದರೆ ಅವಳು ಪಕ್ಕದಲ್ಲಿ ಕೂತು, ಅರ್ಧ ಮಾಡಿ ಎನ್ನುತ್ತಾಳೆ, ನಾನು ಬೆಕ್ಕು ಎಂದು ತಿದ್ದುತ್ತೇನೆ, ಕೇಳುವವರಿಗೂ ನೆಮ್ಮದಿ. ಅವಳಿದ್ದಾಳೆ ಎಂಬ ಧೈರ್ಯದಲ್ಲೇ ಅಲ್ಲವೇ ನಾನು ಹುಲಿಯಿಂದ ಶುರು ಮಾಡುವುದು.

ಆಮೇಲೆ ಮಂಜು ಇಳಿಯಿತು.

ಬೆಟ್ಟದಿಂದ ಮಂಜು ಇಳಿದು ಕಣಿವೆ ತುಂಬಿತು. ಹೊಳೆ ಮುಚ್ಚಿಹೋಯಿತು, ಆಚೆ ದಡ ಮುಚ್ಚಿಹೋಯಿತು. ಬೆಳಿಗ್ಗೆ ಕಿಟಕಿ ತೆರೆದು ತೋಳು ಚಾಚಿದೆ. ಅರ್ಧ ಮಾಡುವ ಕೈ ಕಾಣಲಿಲ್ಲ. ಮರುದಿನವೂ ಕಾಣಲಿಲ್ಲ. ಚಾಚಿದ ತೋಳನ್ನು ಏನು ಮಾಡುವುದು ಎಂದು ತಿಳಿಯದೆ ಹಾಗೆಯೇ ನಿಂತಿದ್ದೆ.

ಅದೇ ಹೊತ್ತಿನಲ್ಲಿ ನಾನು ಮೀನಿನ ಕಥೆ ಶುರು ಮಾಡಿದ್ದು. ಬಡಿಸಿ ಸೋತ ಮೇಲೆ ಮಾತಿನಿಂದಲೇ ಸೋಲಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಊಟಕ್ಕೆ ಕೂತಾಗ, ಈ ಹೊಳೆಯಲ್ಲಿ ನಾನೊಂದು ಮೀನು ಕಂಡೆ, ಎಮ್ಮೆಯಷ್ಟು ದೊಡ್ಡದು ಎಂದೆ. ನಮ್ಮ ಊರಾಗಿದ್ದರೆ ಇಷ್ಟಕ್ಕೇ ನಾಲ್ಕು ಜನ ಎದ್ದು ಹೋಗುತ್ತಿದ್ದರು. ಇಲ್ಲಿ ಮೂವರೂ ಒಟ್ಟಿಗೆ, ಆಮೇಲೆ ಎಂದರು.

ಆಮೇಲೆ ಅದು ಒಂದು ದೋಣಿಯನ್ನು ನುಂಗಿತು ಎಂದೆ. ಆಮೇಲೆ? ಆಮೇಲೆ ದಡದ ದೇವದಾರುಗಳನ್ನು ನುಂಗಿತು. ಆಮೇಲೆ? ಮರುದಿನ ಮೀನು ಒಂದು ಬೆಟ್ಟ ನುಂಗಿತು, ಅದರ ಮರುದಿನ ಎದುರಿನ ಬೆಟ್ಟ. ನಾವು ಬಂದ ಬಸ್ಸನ್ನು ಕಂಡಕ್ಟರ್ ಸಮೇತ ನುಂಗಿತು. ಮೋಡ ನುಂಗಿತು, ಹದ್ದು ನುಂಗಿತು. ಪ್ರತಿ ದಿನವೂ ಆಮೇಲೆ, ಪ್ರತಿ ದಿನವೂ ಮೀನು ಬೆಳೆಯಿತು. ನಿಲ್ಲಿಸೋಣ ಎಂದರೆ ನನಗೆ ನಿಲ್ಲಿಸುವುದು ಗೊತ್ತಿಲ್ಲ ಎಂದು ಆಗ ತಿಳಿಯಿತು. ನನ್ನ ಕಥೆಗಳನ್ನು ನಿಲ್ಲಿಸುತ್ತಿದ್ದವಳು ಬೇರೆಯವಳು. ಹೊರಗೆ ನೋಡಿದರೆ ನಿಜಕ್ಕೂ ಬೆಟ್ಟವಿಲ್ಲ, ಮರವಿಲ್ಲ, ಬರೀ ಬಿಳಿ. ನಾವೆಲ್ಲ ಅದರ ಹೊಟ್ಟೆಯೊಳಗೇ ಕೂತು ಉಣ್ಣುತ್ತಿದ್ದೇವೆ ಎಂದು ಒಮ್ಮೊಮ್ಮೆ ನನಗೇ ಅನ್ನಿಸುತ್ತಿತ್ತು. ಜಡ್ಜ್ ಸಾಹೇಬರು ಹೆದರಿ ನೀರಿನಲ್ಲಿ ಗದ್ದದವರೆಗೆ ಇಳಿದಿದ್ದರು. ಹೆದರಿಕೊಂಡೇ, ಆಮೇಲೆ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನುಂಗಿಸುವುದಕ್ಕೆ ಜಗತ್ತಿನಲ್ಲಿ ಏನೂ ಉಳಿದಿರಲಿಲ್ಲ. ಹೊಳೆಮನೆಯನ್ನು ಹಿಂದಿನ ದಿನವೇ ನುಂಗಿಸಿದ್ದೆ. ಚಂದ್ರನನ್ನು ಉಪ್ಪಿನಕಾಯಿಯ ಹಾಗೆ ನೆಕ್ಕಿಸಿದ್ದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ವೀಣೆಯಮ್ಮ ತಂತಿ ಮೀಟುವುದನ್ನು ಸಹ ನಿಧಾನ ಮಾಡಿ, "ಆಮೇಲೆ ಏನು ನುಂಗಿತು ಹೇಳಿ," ಎಂದರು.

ಉಳಿದದ್ದು ಒಂದೇ. ಆಚೆ ದಡದಲ್ಲಿ, ಮೆಂತ್ಯದ ಕಾಳಿನಷ್ಟು.

ಮಾತು ನಾಲಿಗೆಯ ತುದಿಯವರೆಗೆ ಬಂತು. ಇನ್ನೊಂದು ಉಸಿರಿಗೆ ಹೊರಗೆ ಬಿದ್ದೇ ಬಿಡುತ್ತಿತ್ತು. ನಾನು ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಬಲಗೈಯನ್ನು ಎಲೆಗೆ ಅಡ್ಡ ಹಿಡಿದೆ. ಬೆರಳ ಸಂದಿಯಿಂದ, "ಸಾಕು," ಎಂದೆ.

ಗಂಟೆ ಹೊಡೆಯಿತು.

ಒಡತಿ ಬಂದು ಕೈಗೆ ನೀರು ಹಾಕಿದಳು, ಶಾಲು ಹೊದಿಸಿದಳು. ನಿಮ್ಮ ಕಂಬಳಿ ಹಾಗೆಯೇ ಇದೆಯಲ್ಲ ಎಂದಳು. ಇರಲಿ ಬಿಡಿ, ಸೂರಿಗೆ ಅಂಟಿಕೊಂಡಿರಲಿ ಎಂದೆ. ತೊಟ್ಟಿಲಲ್ಲಿ ಕೂತೆ. ಹಗ್ಗ ಎಳೆಯುವವನು ಎಳೆದ. ದಡ ಹೋಯಿತು, ಮನೆ ಹೋಯಿತು, ಸುತ್ತ ಮಂಜು, ಕೆಳಗೆ ಎಲ್ಲೋ ನೀರಿನ ಸದ್ದು. ಎದೆ ಹಗುರವಾಗಿತ್ತು. ಇನ್ನೇನು, ಹೆಂಡತಿ ಇದ್ದ ಕಡೆಗೆ ಹೋಗುತ್ತಿದ್ದೇನೆ. ಈ ಕಡೆಯ ತೊಟ್ಟಿಲು ಹೊರಟರೆ ಆ ಕಡೆಯದೂ ಹೊರಡುತ್ತದೆ ಎಂಬ ಸಂಗತಿ ನನ್ನಂಥ ಮಹಾ ಬುದ್ಧಿವಂತನಿಗೆ ನೆನಪೇ ಆಗಲಿಲ್ಲ.

ಹೊಳೆಯ ನಟ್ಟನಡುವೆ ಏನೋ ಬಂದು ನನ್ನ ತೊಟ್ಟಿಲಿಗೆ ಢೀ ಕೊಟ್ಟಿತು.

ಮಂಜಿನೊಳಗಿನಿಂದ ಒಂದು ಕೈ ಬಂದು ನನ್ನ ತೊಟ್ಟಿಲಿನ ಅಂಚನ್ನು ಹಿಡಿಯಿತು. ಬಳೆಯ ಗುರುತು ನನಗಿಲ್ಲವೇ.

"ನೀವ್ಯಾಕ್ರೀ ಬಂದ್ರಿ?" ಎಂದಳು. "ನಾನೇ ಬರ್ತಿದ್ದೆನಲ್ಲ."

ಅವಳು ದಿನವೂ ಮಧ್ಯಾಹ್ನ ಆ ದಡದಲ್ಲಿ ತೊಟ್ಟಿಲ ಪಕ್ಕದಲ್ಲೇ ಕಾಯುತ್ತಿದ್ದಳಂತೆ. ಗಂಟೆ ಕೇಳಿದ್ದೇ ತಡ, ನಮ್ಮವರು ಯಾರನ್ನೋ ಮಾತಿನಲ್ಲಿ ಸೋಲಿಸಿಬಿಟ್ಟರು ಎಂದು ಹಾರಿ ಕೂತಿದ್ದಳು. ಸಾಕು ಎಂದವನು ನಾನೇ ಕಣೇ ಎಂದೆ. ನಿಮ್ಮ ಬಾಯಲ್ಲೇ ಎಂದು ಕೇಳಿದಳು. ನನ್ನ ಬಾಯಲ್ಲೇ ಎಂದೆ.

ಆಚೆ ದಡ ಹೇಗಿದೆ ಎಂದು ಕೇಳಿದೆ. ಅಲ್ಲಿಯವರು ಎಲ್ಲದಕ್ಕೂ ಸಾಕು ಎನ್ನುವವರಂತೆ. ಅರ್ಧ ಸೌಟು ಅನ್ನಕ್ಕೆ ಸಾಕು, ಹಾಡು ಒಂದು ಸಾಲು ಆಗುವಷ್ಟರಲ್ಲಿ ಸಾಕು. ಒಬ್ಬರೂ ಸುಳ್ಳು ಹೇಳುವುದಿಲ್ಲವಂತೆ, ನಿಜವನ್ನೂ ಪೂರ್ತಿ ಹೇಳುವುದಿಲ್ಲವಂತೆ. "ಶಾಂತಿ ಅಂದ್ರೆ ಶಾಂತಿ ಕಣ್ರೀ, ಕಿವಿ ಗುಂಯ್ ಅನ್ನೋಷ್ಟು," ಎಂದಳು. "ಅರ್ಧ ಮಾಡೋಣ ಅಂದ್ರೆ ಅಲ್ಲಿ ಏನೂ ಇರಲೇ ಇಲ್ಲ."

ದಡದಿಂದ ಹಗ್ಗ ಎಳೆಯುವವನು ಕೂಗಿದ. ತೊಟ್ಟಿಲು ಸಿಕ್ಕಿಕೊಂಡಿದೆ, ಕೈ ಬಿಡಿ ತಾಯಿ ಎಂದ. ಅವಳು ಬಿಡುವುದಿಲ್ಲ ಎಂದಳು. ಬಿಟ್ಟರೆ ಅವಳು ಆ ಮನೆಗೆ, ನಾನು ಆಚೆ ದಡಕ್ಕೆ, ಮತ್ತೆ ನಡುವೆ ಹೊಳೆ. ನಾನೂ ಅವಳ ತೊಟ್ಟಿಲನ್ನು ಹಿಡಿದುಕೊಂಡೆ. ಆಮೇಲೆ ಹಗ್ಗ ಅಲ್ಲಾಡುವುದನ್ನೂ ಲೆಕ್ಕಿಸದೆ, ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ, ಅವಳ ತೊಟ್ಟಿಲಿಗೇ ದಾಟಿ ಕೂತೆ. ಚಿರತೆಯ ಹಾಗೆ ಜಿಗಿದೆ ಎಂದು ಬರೆದುಕೊಳ್ಳಿ. ಬೆತ್ತ ಕಿರ್ ಎಂದಿತು. ಅವಳು ಸರಿದು ಜಾಗ ಕೊಟ್ಟಳು.

ಇಷ್ಟು ದಿನ ಏನು ಮಾಡಿದಿರಿ ಎಂದಳು. ಒಂದು ಮೀನು ಕಂಡೆ ಎಂದೆ.

"ಎಷ್ಟು ದೊಡ್ಡದು?"

"ಜಗತ್ತನ್ನೇ ನುಂಗಿತು. ನಿನ್ನೊಬ್ಬಳನ್ನು ಬಿಟ್ಟು."

"ಅರ್ಧ ಮಾಡಿ," ಎಂದಳು.

ನಡುಹೊಳೆಯಲ್ಲಿ ಆಡಿದ ಮಾತು ನೀರಿನ ಮೇಲೆ ಎರಡೂ ಕಡೆಗೆ ಜಾರಿಕೊಂಡು ಹೋಗುತ್ತದೆ. ಎರಡೂ ದಡದಲ್ಲಿ ಜನ ಬಂದು ನಿಂತದ್ದು ನಮಗೆ ಗೊತ್ತಿರಲಿಲ್ಲ. ಒಡತಿ ಬಂದಿದ್ದಳು. ಜಡ್ಜ್ ಸಾಹೇಬರನ್ನು ತೊಟ್ಟಿಯ ಸಮೇತ ಹೊತ್ತು ತಂದಿದ್ದರು. ವೀಣೆಯಮ್ಮ ತಂತಿ ಮೀಟುತ್ತಲೇ ಬಂದಿದ್ದರು, ಸಾಹುಕಾರ ದಿಂಬಿನಿಂದ ಇಳಿದು ಬಂದಿದ್ದ. ಅವರಿಗೆಲ್ಲ ಆ ಮೀನು ಏನಾಯಿತು ಎಂದು ತಿಳಿಯದೆ ಊಟ ಸೇರುತ್ತಿರಲಿಲ್ಲ.

ಜಗತ್ತಲ್ಲ, ಎರಡು ಬೆಟ್ಟ ನುಂಗಿತು ಎಂದೆ. ಅರ್ಧ ಮಾಡಿ ಎಂದಳು. ಸರಿ, ಒಂದೇ ಬೆಟ್ಟ ಎಂದೆ. ಆ ಮಾತು ಮುಗಿಯುವಷ್ಟರಲ್ಲಿ ಮಂಜು ಒಂದು ಕಡೆ ಹರಿದು, ಮೀನು ಬಿಟ್ಟುಕೊಟ್ಟ ಬೆಟ್ಟ ಬಿಸಿಲಿನಲ್ಲಿ ಹೊರಗೆ ಬಂತು. ದಡದವರು ಹೋ ಎಂದರು. ಅರ್ಧ ಮಾಡಿ ಎಂದಳು. ಬೆಟ್ಟ ಇಲ್ಲ, ಒಂದಿಷ್ಟು ದೇವದಾರು ಎಂದೆ. ಎರಡನೆಯ ಬೆಟ್ಟವೂ ಬಂತು. ಅರ್ಧ. ಬಸ್ಸು ಎಂದೆ. ದೇವದಾರುಗಳು ನೀರು ಸುರಿಸಿಕೊಂಡು ಒಂದೊಂದಾಗಿ ಬಂದು ನಿಂತವು. ಅರ್ಧ. ಎಮ್ಮೆಯಷ್ಟು ಮೀನು. ಅರ್ಧ. ಕುರಿ. ಅರ್ಧ. ಬೆಕ್ಕು. ಎರಡೂ ದಡ ಬಂತು, ಮನೆಯ ಸೂರು ಬಂತು, ಹದ್ದು ಬಂತು, ಮೇಲೆ ನೀಲಿ ಬಂತು. ಅರ್ಧ ಎಂದಳು. ಬೆರಳಷ್ಟು ಎಂದೆ.

"ಅದಾದರೂ ಇತ್ತಾ?" ಎಂದಳು.

ಈಗ ಕಣಿವೆಯೆಲ್ಲ ನಿಚ್ಚಳ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನೀರಲ್ಲಿ ಏನೋ ಫಳ್ ಅಂತು," ಎಂದೆ. "ಮೀನೇ ಇರಬೇಕು ಅಂದುಕೊಂಡೆ."

ಮೊದಲು ನಕ್ಕದ್ದು ಜಡ್ಜ್ ಸಾಹೇಬರು. ಎಷ್ಟೋ ಕಾಲ ನೀರಿನಲ್ಲಿ ನೆನೆದಿದ್ದ ನಗು, ಗುಳುಗುಳು ಎಂದು ಬಂತು. ನಕ್ಕ ರಭಸಕ್ಕೆ ತೊಟ್ಟಿಯ ನೀರೆಲ್ಲ ಚೆಲ್ಲಿಹೋಯಿತು. ಸಾಹುಕಾರ ಹುಲ್ಲಿನ ಮೇಲೆ, ದಿಂಬಿಲ್ಲದೆ, ಹೊರಳಾಡಿದ. ವೀಣೆಯಮ್ಮನ ಕೈ ತಂತಿಯಿಂದ ಜಾರಿ ರಾಗ ಮುಗಿದೇ ಹೋಯಿತು, ಮುಗಿದ ಮೇಲೆ ಅದೆಷ್ಟು ಚೆನ್ನಾಗಿತ್ತು ಎಂದು ಎಲ್ಲರಿಗೂ ಗೊತ್ತಾಯಿತು. ಆಚೆ ದಡದ ಶಾಂತ ಜನರೂ ನಕ್ಕರು. ಒಂದು ನಗು ನಕ್ಕು ನಿಲ್ಲಿಸುವವರು ಅವರು, ಅವತ್ತು ನಿಲ್ಲಿಸಲು ಹೋದರೆ ಇನ್ನೊಂದು ನಗು ಬರುತ್ತಿತ್ತು. ಇನ್ನೊಂದು ಸಲ ಅರ್ಧ ಮಾಡಿಸಿ ತಾಯಿ ಎಂದು ಕೂಗಿದರು. ಈ ಕಡೆ ಜಡ್ಜ್ ಸಾಹೇಬರು ಹೊಟ್ಟೆ ಹಿಡಿದುಕೊಂಡು, ಕೈ ಅಡ್ಡ ಆಡಿಸುತ್ತಾ, "ಅಯ್ಯೋ ಸಾಕಮ್ಮಾ, ಸಾಕು," ಎಂದರು.

ಗಂಟೆ ಹೊಡೆಯಿತು. ಸಾಹುಕಾರ ಸಾಕು ಎಂದ, ಮತ್ತೆ ಹೊಡೆಯಿತು. ವೀಣೆಯಮ್ಮ ಕಣ್ಣೊರೆಸಿಕೊಳ್ಳುತ್ತಾ ಸಾಕು ಎಂದರು. ಬಡಿಸುವವನು, ಆಳುಗಳು, ಎಲ್ಲರೂ ಎಂದರು. ಗಂಟೆ ಹೊಡೆದು ಹೊಡೆದು, ಕೊಂಡಿ ಕಳಚಿ, ಮೆಟ್ಟಿಲ ಮೇಲೆ ಉರುಳುತ್ತಾ ಬಂದು ಹೊಳೆಗೆ ಬಿತ್ತು. ಡುಂ ಎಂಬ ಒಂದು ಸದ್ದು. ಹೊಳೆ ಹರಿಯುತ್ತಿತ್ತು.

ಎಲ್ಲರೂ ಒಡತಿಯ ಮುಖ ನೋಡಿದರು. ಅವಳು ಮೆಟ್ಟಿಲ ಮೇಲೆ ಕೂತಳು. ಇಷ್ಟು ಕಾಲ ಇನ್ನೇನು ಬೇಕು ಎಂದು ಎಲ್ಲರನ್ನೂ ಕೇಳಿದವಳು, ನನಗೊಂದು ಎಲೆ ಹಾಕಿ, ಹಸಿವಾಗುತ್ತಿದೆ ಎಂದಳು.

ಈಗ ಒಂದು ತೊಡಕು ಬಂತು ನೋಡಿ. ಸಾಕು ಎಂದವರು ಆಚೆಗೆ ಹೋಗಬೇಕು, ಆಚೆಯವರು ಈಚೆಗೆ ಬರಬಹುದು, ಇರುವುದು ಎರಡು ತೊಟ್ಟಿಲು. ಅವುಗಳ ಪೈಕಿ ಒಂದರಲ್ಲಿ ನಾವಿಬ್ಬರು. ನಿಮ್ಮನ್ನು ಯಾವ ಕಡೆಗೆ ಎಳೆಯಲಿ ಎಂದು ಹಗ್ಗ ಎಳೆಯುವವನು ಕೇಳಿದ. ನಿಮ್ಮ ಅತ್ತೆ ಎರಡೂ ದಡ ನೋಡಿ, ಅವರೆಲ್ಲ ಬಹಳ ದಿನದಿಂದ ಕೂತವರು, ಮೊದಲು ಅವರನ್ನು ದಾಟಿಸಪ್ಪ, ನಮಗೇನು ಅವಸರವಿಲ್ಲ ಎಂದಳು. ನಕ್ಕು ಹಗುರವಾದ ಜನ ಅಷ್ಟಕ್ಕೇ ಮರ್ಯಾದೆ ಕಲಿತುಬಿಟ್ಟರು. ಜಡ್ಜ್ ಸಾಹೇಬರು ವೀಣೆಯಮ್ಮನಿಗೆ, ನೀವು ಮೊದಲು ಎಂದರು. ಅದು ಹೇಗಾಗುತ್ತದೆ, ನೀವು ದೊಡ್ಡವರು, ನೀವು ಮೊದಲು ಎಂದರು ವೀಣೆಯಮ್ಮ. ಸಾಹುಕಾರ ಇಬ್ಬರಿಗೂ ದಾರಿ ಬಿಟ್ಟು ಹಿಂದೆ ಸರಿದ. ಆಚೆ ದಡದಲ್ಲೂ ಅದೇ ಆಯಿತು, ನೀವು ಬನ್ನಿ, ಇಲ್ಲ ಇಲ್ಲ ನೀವು ಬನ್ನಿ. ಯಾರೂ ಮೊದಲು ಹತ್ತಲಿಲ್ಲ. ಹಗ್ಗ ಎಳೆಯುವವನು ಕಾದು ಕಾದು, ಹಗ್ಗವನ್ನು ಗೂಟಕ್ಕೆ ಕಟ್ಟಿ, ಒಡತಿಯ ಪಂಕ್ತಿಯಲ್ಲಿ ಊಟಕ್ಕೆ ಕೂತ.

ಹಾಗಾಗಿ ಆ ಮಧ್ಯಾಹ್ನವೆಲ್ಲ ನಾವು ಹೊಳೆಯ ನಡುವೆ ತೂಗುತ್ತಿದ್ದೆವು. ಕೆಳಗೆ ನೀರು, ಎರಡು ಕಡೆ ಬೆಟ್ಟ, ಬೆನ್ನಿಗೆ ಬಿಸಿಲು. ಗೋಡೆಯಿಲ್ಲ, ಬಾಗಿಲಿಲ್ಲ, ಇಡೀ ಕಣಿವೆಯಲ್ಲಿ ಅದಕ್ಕಿಂತ ಒಳ್ಳೆಯ ಕೋಣೆಯಿಲ್ಲ. ಇದನ್ನು ನಾನು ಹೇಳಿದ್ದಲ್ಲ, ನಿಮ್ಮ ಅತ್ತೆ ಹೇಳಿದ್ದು. ಹೇಳಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಸ್ವಲ್ಪ ಹೊತ್ತಿಗೆ ನನ್ನ ಕಾಲು ಜೋಮು ಹಿಡಿಯಿತು. ಅಲ್ಲಾಡಿಸಲಿಲ್ಲ.